ನಾಲ್ಕು ಪ್ರಶ್ನೆ ಕೇಳಿದರೆ ನಾಲ್ಕಕ್ಕೂ ಉತ್ತರ ಬರುವ ಹಾಗೆ ಮೇಲ್ ಬರೆಯುವುದು ಹೇಗೆ

ನೀವು ನಾಲ್ಕು ಪ್ರಶ್ನೆ ಕೇಳಿ ಮೇಲ್ ಹಾಕಿರುತ್ತೀರಿ. ಎರಡು ದಿನ ಬಿಟ್ಟು ‘ಓಕೆ, 18ನೇ ತಾರೀಖು ಆಗುತ್ತದೆ’ ಅಂತ ಒಂದು ಸಾಲು ಬರುತ್ತದೆ. ಉಳಿದ ಮೂರರ ಸುದ್ದಿಯೇ ಇಲ್ಲ. ಮತ್ತೆ ಕೇಳುತ್ತೀರಿ, ಇನ್ನೊಂದಕ್ಕೆ ಉತ್ತರ ಬರುತ್ತದೆ, ಮತ್ತೆ ಎರಡು ದಿನ ಹೋಗುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ವಿಷಯ ವಾರವೆಲ್ಲಾ ಎಳೆಯುತ್ತದೆ.

ನನಗೂ ಇದು ಎಷ್ಟೋ ಸಲ ಆಗಿದೆ. ತುಂಬಾ ದಿನ ಎದುರಿನವರು ಸರಿಯಾಗಿ ಓದುವುದೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ನಾನು ಕಳಿಸಿದ ಹಳೆಯ ಮೇಲ್‌ಗಳನ್ನೇ ಫೋನಿನಲ್ಲಿ ತೆರೆದು ಓದಿ ನೋಡಿದೆ. ಮೂರನೇ ಪ್ರಶ್ನೆ ಒಂದು ದೊಡ್ಡ ಪ್ಯಾರಾದ ನಡುವೆ ಸೇರಿಕೊಂಡಿತ್ತು, ನಾಲ್ಕನೆಯದಕ್ಕೆ ಪ್ರಶ್ನಾರ್ಥಕ ಚಿಹ್ನೆಯೇ ಇರಲಿಲ್ಲ. ಬರೆದ ನನಗೇ ಅವು ಕಣ್ಣಿಗೆ ಬೀಳಲಿಲ್ಲ, ಇನ್ನು ಎರಡು ಮೀಟಿಂಗ್‌ಗಳ ನಡುವೆ ಅದನ್ನು ತೆರೆದವರಿಗೆ ಹೇಗೆ ಕಾಣಬೇಕು?

ಬಹಳ ಸಲ ನಡೆಯುವುದು ಇಷ್ಟು. ಮೇಲ್ ತೆರೆದವರು ತಕ್ಷಣ ಉತ್ತರ ಕೊಡಲು ಆಗುವ ಪ್ರಶ್ನೆ ಯಾವುದೋ ಅದಕ್ಕೆ ಉತ್ತರ ಕೊಡುತ್ತಾರೆ. ಕೊಟ್ಟ ಕೂಡಲೇ ಅವರ ಮನಸ್ಸಿನಲ್ಲಿ ಆ ಮೇಲ್ ಮುಗಿಯಿತು. ಜಿಮೇಲ್‌ನ ಫೋನ್ ಆ್ಯಪ್ 2017ರಿಂದ ಇಂಗ್ಲಿಷ್ ಮೇಲ್‌ಗಳ ಕೆಳಗೆ ಸಿದ್ಧ ಉತ್ತರಗಳನ್ನೂ ತೋರಿಸುತ್ತಿದೆ, ಬೆರಳು ಒತ್ತಿದರೆ ಸಾಕು, ‘ಸರಿ, ಆಗಲಿ’ ಅಂತ ಹೋಗುತ್ತದೆ. ಆ ‘ಸರಿ’ ನಿಮ್ಮ ಯಾವ ಪ್ರಶ್ನೆಗೆ ಅಂತ ಹೇಗೆ ಹೇಳುತ್ತೀರಿ? ಹಾಗಾಗಿ ಎಲ್ಲಾ ಪ್ರಶ್ನೆಗೂ ಉತ್ತರ ಬೇಕಾದರೆ, ಮೇಲ್ ಅನ್ನು ಓದಿ ಯೋಚಿಸುವ ಪತ್ರದ ಥರ ಬರೆಯಬೇಡಿ. ತುಂಬಿ ವಾಪಸ್ ಕೊಡುವ ಫಾರಂ ಥರ ಬರೆಯಿರಿ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ಪ್ರಶ್ನೆಗಳನ್ನು ಒಂದು ಕಡೆ ಬರೆದುಕೊಂಡು, ಪ್ರತಿಯೊಂದರ ಪಕ್ಕದಲ್ಲೂ ಅದರ ಉತ್ತರ ಯಾರಿಗೆ ಗೊತ್ತು ಅಂತ ಹೆಸರು ಹಾಕಿ. ಎಲ್ಲದರ ಪಕ್ಕ ಒಂದೇ ಹೆಸರಿದ್ದರೆ ಒಂದೇ ಮೇಲ್ ಸಾಕು. ಎರಡು ಮೂರು ಹೆಸರು ಬಂದರೆ ಬೇರೆ ಬೇರೆ ಮೇಲ್ ಕಳಿಸುವುದೇ ವಾಸಿ. ಆರು ಜನರಿಗೆ ಒಟ್ಟಿಗೆ ‘ದಯವಿಟ್ಟು ತಿಳಿಸಿ’ ಅಂತ ಕಳಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ಹೇಳುತ್ತಾರೆ ಅಂತ ಕಾಯುತ್ತಾರೆ. ಒಂದೇ ಮೇಲ್‌ನಲ್ಲಿ ಕೇಳಲೇಬೇಕು ಅಂದರೆ ಪ್ರತಿ ಪ್ರಶ್ನೆಯ ಮೊದಲು ಹೆಸರಿರಲಿ. ಔಟ್‌ಲುಕ್‌ನಲ್ಲಿ @ ಚಿಹ್ನೆ ಹಾಕಿ ಹೆಸರು ಆರಿಸಿದರೆ ಅವರ ವಿಳಾಸ ತಾನಾಗಿಯೇ ‘ಟು’ ಸಾಲಿಗೆ ಸೇರಿಕೊಳ್ಳುತ್ತದೆ. ಉತ್ತರ ಕೊಡಬೇಕಾದವರನ್ನು ಸಿಸಿಯಲ್ಲಿ ಇಡಬೇಡಿ. ಸಿಸಿಯಲ್ಲಿ ಇದ್ದವರು ಸುಮ್ನೆ ಓದಿ ಬಿಡುತ್ತಾರೆ, ಅದು ಅವರ ತಪ್ಪೂ ಅಲ್ಲ.

ಈಗ ಪ್ರಶ್ನೆಗಳ ವಿಷಯ. ‘ತರಬೇತಿ ಯಾವಾಗ, ಎಷ್ಟು ಜನ ಬರುತ್ತಾರೆ, ಮತ್ತು ರೂಮ್ ಬಗ್ಗೆ ಏನಂತೀರಿ?’ ಇದು ನೋಡಲು ಒಂದು ವಾಕ್ಯ, ಒಳಗೆ ಮೂರು ಪ್ರಶ್ನೆ. ಉತ್ತರ ಬರುವುದು ಒಂದಕ್ಕೇ. ಮೂರನ್ನೂ ಬಿಡಿಸಿ, ನಂಬರ್ ಹಾಕಿ, ಒಂದೊಂದನ್ನು ಒಂದೊಂದು ಸಾಲಿನಲ್ಲಿ ಇಡಿ. ‘ಏನಂತೀರಿ’, ‘ಹೇಗನ್ನಿಸುತ್ತದೆ’ ಅನ್ನುವ ಪ್ರಶ್ನೆಗಳನ್ನು ಆದಷ್ಟು ತೆಗೆದುಹಾಕಿ, ಯಾಕಂದರೆ ಅವಕ್ಕೆ ಉತ್ತರ ಬರೆಯಲು ಕುಳಿತು ಯೋಚಿಸಬೇಕು, ಯೋಚಿಸಬೇಕಾದ್ದು ಅಂದರೆ ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಹೋಗುತ್ತದೆ. ಬದಲಿಗೆ ನೀವೇ ಯೋಚಿಸಿ ಎರಡು ಆಯ್ಕೆ ಕೊಡಿ. ನಾನು ಈಗ ಬರೆಯುವುದು ಸುಮಾರಾಗಿ ಹೀಗೆ:

‘ನಮಸ್ಕಾರ. ಹೊಸಬರ ತರಬೇತಿ ಬಗ್ಗೆ ನಿಮ್ಮಿಂದ 3 ಉತ್ತರ ಬೇಕಿತ್ತು. ಬುಧವಾರ ಸಂಜೆ 4ರೊಳಗೆ ತಿಳಿಸಿದರೆ ಅವತ್ತೇ ರೂಮ್ ಬುಕ್ ಮಾಡುತ್ತೇನೆ.
1. ದಿನ: (ಅ) 18 ಅಥವಾ (ಆ) 20?
2. ನಿಮ್ಮ ಟೀಮಿನಿಂದ ಎಷ್ಟು ಜನ?
3. ಖರ್ಚಿಗೆ ನಿಮ್ಮ ಅಪ್ರೂವಲ್ ಸಾಕಾ, ಅಥವಾ ಬೇರೆಯವರನ್ನು ಕೇಳಬೇಕಾ?
ನಂಬರ್ ಹಾಕಿ ಚಿಕ್ಕದಾಗಿ ಬರೆದರೆ ಸಾಕು. ಯಾವುದಾದರೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹಾಕಿ, ಯಾರನ್ನು ಕೇಳಬೇಕು ಅಂತ ಹೇಳಿದರೆ ನಾನು ಕೇಳಿಕೊಳ್ಳುತ್ತೇನೆ.’

ಎಷ್ಟು ಉತ್ತರ ಬೇಕು ಅನ್ನುವುದು ಮೊದಲ ಸಾಲಿನಲ್ಲೇ ಇದೆ ನೋಡಿ. ಎರಡು ಬರೆದು ನಿಲ್ಲಿಸಿದವರಿಗೆ ಇನ್ನೊಂದು ಬಾಕಿ ಇದೆ ಅಂತ ಅವರಿಗೇ ಹೊಳೆಯುತ್ತದೆ. ಹಿನ್ನೆಲೆ ಹೇಳಬೇಕಾದದ್ದು ಇದ್ದರೆ ಪ್ರಶ್ನೆಗಳ ಕೆಳಗೆ ಹಾಕಿ, ಮೇಲೆ ಬೇಡ. ಸಬ್ಜೆಕ್ಟ್ ಸಾಲಿನಲ್ಲೂ ‘ತರಬೇತಿ: 3 ಪ್ರಶ್ನೆ, ಬುಧವಾರದೊಳಗೆ’ ಅಂತಿರಲಿ. ಮುಖ್ಯವಾದದ್ದು ಮೊದಲೇ ಬರಬೇಕು, ಫೋನಿನಲ್ಲಿ ಆ ಸಾಲಿನ ಕೊನೆ ಕಾಣುವುದಿಲ್ಲ.

ಉದಾಹರಣೆಯ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ನನ್ನ ಅನುಭವದಲ್ಲಿ ಜನ ಪ್ರಶ್ನೆ ದಾಟಿಹೋಗುವುದು ಕಾಣದೇ ಇದ್ದದ್ದಕ್ಕಿಂತ ಉತ್ತರ ಗೊತ್ತಿಲ್ಲದೇ ಇದ್ದದ್ದಕ್ಕೆ ಜಾಸ್ತಿ. ಗೊತ್ತಿಲ್ಲ ಅಂತ ಬರೆಯಲು ಎಷ್ಟೋ ಜನರಿಗೆ ಸಂಕೋಚ, ಅದರಲ್ಲೂ ಸಿಸಿಯಲ್ಲಿ ಮ್ಯಾನೇಜರ್ ಇದ್ದರೆ. ‘ಇಲ್ಲ, ಆಗುವುದಿಲ್ಲ’ ಅನ್ನುವುದಕ್ಕೂ ಅಷ್ಟೇ ಸಂಕೋಚ. ಆ ಎರಡು ಉತ್ತರಗಳಿಗೂ ನೀವೇ ಜಾಗ ಮಾಡಿಕೊಟ್ಟರೆ ಅವರಿಗೆ ಹಗುರವಾಗುತ್ತದೆ, ನಿಮಗೆ ಮುಂದಿನ ದಾರಿ ಸಿಗುತ್ತದೆ. ಒಂದು ವಾರ ಮೌನವಾಗಿ ಕಾಯುವುದಕ್ಕಿಂತ ಅದೇ ದಿನ ‘3 ಗೊತ್ತಿಲ್ಲ, ಫೈನಾನ್ಸ್‌ನವರನ್ನು ಕೇಳಿ’ ಅಂತ ಬಂದರೆ ಎಷ್ಟು ಒಳ್ಳೆಯದು ಅಲ್ವಾ?

ಸುಲಭದ ಪ್ರಶ್ನೆ ಮೊದಲು ಕೇಳಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸುಲಭದ್ದಕ್ಕೆ ಉತ್ತರ ಕೊಟ್ಟು ಅಲ್ಲಿಗೇ ನಿಲ್ಲಿಸಿದವರನ್ನು ತುಂಬಾ ನೋಡಿದ್ದೇನೆ. ಯಾವುದರ ಉತ್ತರ ಬರದಿದ್ದರೆ ನಿಮ್ಮ ಕೆಲಸ ನಿಲ್ಲುತ್ತದೋ ಅದು 1 ಆಗಲಿ. ಇನ್ನು ಫೈಲ್ ಹುಡುಕಿ, ಲೆಕ್ಕ ಹಾಕಿ, ಇನ್ನೊಬ್ಬರನ್ನು ವಿಚಾರಿಸಿ ಉತ್ತರಿಸಬೇಕಾದ ಪ್ರಶ್ನೆ ಇದ್ದರೆ ಅದನ್ನು ಬೇರೆ ಮೇಲ್‌ನಲ್ಲಿ ಕಳಿಸಿ. ಇಲ್ಲದಿದ್ದರೆ ಆ ಒಂದು ಪ್ರಶ್ನೆ ಸಿಕ್ಕಿಕೊಂಡು ಉಳಿದವೂ ಕಾಯುತ್ತವೆ. ಐದಕ್ಕಿಂತ ಹೆಚ್ಚು ಪ್ರಶ್ನೆ ಆದಾಗ ನಾನು ಸಾಮಾನ್ಯವಾಗಿ ಫೋನ್ ಮಾಡುತ್ತೇನೆ.

ಗಡುವು ಹಾಕುವಾಗ ‘ಆದಷ್ಟು ಬೇಗ’ ಅನ್ನಬೇಡಿ, ವಾರ ಮತ್ತು ಗಂಟೆ ಹೇಳಿ. ಬೇರೆ ದೇಶದವರಾದರೆ ಯಾರ ಸಮಯ ಅಂತಲೂ ಹೇಳಿ. ಚಿಕ್ಕ ವಿಷಯಗಳಿಗೆ ‘ಬುಧವಾರದೊಳಗೆ ಉತ್ತರ ಬರದಿದ್ದರೆ 18 ಅಂತ ಇಟ್ಟುಕೊಳ್ಳುತ್ತೇನೆ’ ಅಂತ ಬರೆಯಬಹುದು, ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಣ, ಯಾರದೋ ರಜೆ, ಗ್ರಾಹಕರಿಗೆ ಕೊಡುವ ಮಾತು ಇಂಥದ್ದರಲ್ಲಿ ಬೇಡವೇ ಬೇಡ. ವಾಪಸ್ ತಿದ್ದಲು ಆಗುವ ವಿಷಯಕ್ಕೆ ಮಾತ್ರ ಇದನ್ನು ಬಳಸಿ.

ಇಷ್ಟೆಲ್ಲಾ ಮಾಡಿದರೂ ಅರ್ಧ ಉತ್ತರ ಬರುತ್ತದೆ, ಬರಲಿ. ಆಗ ಹಳೆಯ ಮೇಲ್ ಅನ್ನೇ ‘ರಿಮೈಂಡರ್’ ಅಂತ ಮತ್ತೆ ಕಳಿಸಬೇಡಿ. ಅವರು ಉತ್ತರ ಕೊಟ್ಟಾಗಿದೆ ಅಂತಲೇ ಅಂದುಕೊಂಡಿರುತ್ತಾರೆ, ಅದನ್ನು ನೋಡಿ ಕಿರಿಕಿರಿ ಆಗುತ್ತದೆ. ಅದೇ ಥ್ರೆಡ್‌ನಲ್ಲಿ ಹೀಗೆ ಬರೆಯಿರಿ: ‘ಥ್ಯಾಂಕ್ಸ್, 18 ಅಂತ ಗುರುತು ಹಾಕಿಕೊಂಡೆ, 12 ಜನ ಅಂತಲೂ ಬರೆದುಕೊಂಡೆ. ಇನ್ನೊಂದೇ ಬಾಕಿ: ಖರ್ಚಿಗೆ ನಿಮ್ಮ ಅಪ್ರೂವಲ್ ಸಾಕಾ?’ ಬಾಕಿ ಪ್ರಶ್ನೆಯನ್ನು ಪೂರ್ತಿ ಮತ್ತೆ ಬರೆಯಬೇಕು, ‘ಕೆಳಗಿನ 3 ನೋಡಿ’ ಅಂದರೆ ಸಾಲದು. ಜಿಮೇಲ್ ಹಳೆಯ ಮಾತುಗಳನ್ನೆಲ್ಲಾ ಮೂರು ಚುಕ್ಕಿಯ ಹಿಂದೆ ಮಡಚಿ ಇಡುತ್ತದೆ, ಅದನ್ನು ಒತ್ತಿ ತೆರೆದು ಹುಡುಕುವವರು ಕಡಿಮೆ.

ಕೆಲವರು ನಿಮ್ಮ ಪ್ರಶ್ನೆಗಳ ಕೆಳಗೇ ಉತ್ತರ ಬರೆದು ಕಳಿಸುತ್ತಾರೆ. ಅದು ಒಳ್ಳೆಯ ಅಭ್ಯಾಸ, ಆದರೆ ಕೆಂಪು ಬಣ್ಣದಲ್ಲಿ ಬರೆದದ್ದನ್ನು ಮಾತ್ರ ನಂಬಿಕೊಳ್ಳಬೇಡಿ. ಮೇಲ್ ಬರೀ ಪಠ್ಯವಾಗಿ ಹೋದರೆ ಬಣ್ಣ ಉಳಿಯುವುದಿಲ್ಲ, ಯಾರು ಏನು ಬರೆದರು ಅಂತ ಗೊತ್ತಾಗುವುದಿಲ್ಲ. ಉತ್ತರದ ಮೊದಲು ಹೆಸರು ಹಾಕಿದರೆ ಗೊಂದಲ ಇರುವುದಿಲ್ಲ.

ಒಂದರ ಉತ್ತರ ಬಂದ ಮೇಲಷ್ಟೇ ಇನ್ನೊಂದನ್ನು ಕೇಳಲು ಆಗುವ ವಿಷಯಗಳೂ ಇರುತ್ತವೆ. ‘18 ಆದರೆ ದೊಡ್ಡ ರೂಮ್ ಬೇಕಾ, 20 ಆದರೆ ಆನ್‌ಲೈನ್ ಸಾಕಾ, ಆನ್‌ಲೈನ್ ಆದರೆ ಯಾರು ನಡೆಸುತ್ತಾರೆ’ ಅಂತ ಮೇಲ್‌ನಲ್ಲಿ ಕೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಅಂಥದ್ದಕ್ಕೆ ಹತ್ತು ನಿಮಿಷ ಮಾತಾಡಿ. ಮುಗಿದ ಕೂಡಲೇ ‘ಈಗ ಮಾತಾಡಿದ ಪ್ರಕಾರ 20ಕ್ಕೆ, ಆನ್‌ಲೈನ್, ನಡೆಸುವುದು ನಾನು. ತಪ್ಪಿದ್ದರೆ ಇವತ್ತು ಸಂಜೆಯೊಳಗೆ ಹೇಳಿ’ ಅಂತ ಒಂದು ಮೇಲ್ ಹಾಕಿಬಿಡಿ.