ಗನ್ ಕ್ಯಾರಿಯರ್ ಮಾರ್ಕ್ 1: ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದ ಬಗೆ

ಗನ್ ಕ್ಯಾರಿಯರ್ ಎಂದರೆ ಒಂದನೇ ಮಹಾಯುದ್ಧದಲ್ಲಿ ಫಿರಂಗಿ ಹೊರಲು ಬ್ರಿಟಿಷರು ಕಟ್ಟಿದ ಚೈನುಗಾಡಿ. ಇದರ ಪುಟ್ಟ ಮಾದರಿ ಕಟ್ಟುವುದಾದರೆ, ಅದೇ ಕಾಲದ ಮಾರ್ಕ್ 4 ಟ್ಯಾಂಕಿನ ಮಾದರಿ ಕಿಟ್ ತಂದು, ಅದನ್ನೇ ಕೊಯ್ದು ಗನ್ ಕ್ಯಾರಿಯರ್ ಮಾಡಲು ಹೋಗಬೇಡಿ. 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್ ಎರಡರಲ್ಲೂ ಒಂದೇ, ಮೈಕಟ್ಟು ಮಾತ್ರ ಪೂರ್ತಿ ಬೇರೆ. ಟ್ಯಾಂಕಿನ ಚೈನು ನೆತ್ತಿಯ ಮೇಲಿಂದ ಸುತ್ತಿ ಬರುತ್ತದೆ. ಇದರದು ತಗ್ಗು, ಉದ್ದ. ಎಂಜಿನ್ ಹಿಂದಕ್ಕೆ ಸರಿದಿದೆ. ಮುಂದೆ ಎರಡು ಚೈನುಗಳ ನಡುವಿನ ತೆರೆದ ಜಾಗದಲ್ಲಿ ಫಿರಂಗಿ ಕೂರುತ್ತದೆ. ಚಾಲಕನಿಗೊಂದು, ಬ್ರೇಕ್ ಹಿಡಿಯುವವನಿಗೊಂದು ಎಂದು ಚೈನುಗಳ ಮೇಲೆ ಎರಡು ಪುಟ್ಟ ಉಕ್ಕಿನ ಗೂಡುಗಳಿವೆ.

ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆ 1917ರಲ್ಲಿ ಇಂಥ 48 ಗಾಡಿ ಕಟ್ಟಿತು. ಇಂದು ಒಂದೂ ಉಳಿದಿಲ್ಲ. ಹಾಗಾಗಿ ಹಳೆಯ ಫೋಟೊಗಳಿಂದಲೇ ಅಳತೆ ತೆಗೆಯಬೇಕು. ಗಾಡಿಯ ಉದ್ದ ಸುಮಾರು 9.1 ಮೀಟರ್, 1:35ಕ್ಕೆ ಇಳಿಸಿದರೆ 26 ಸೆಂಟಿಮೀಟರ್.

ಪಕ್ಕದ ಗೋಡೆಗಳಿಗೆ 1 ಮಿ.ಮೀ. ಹಾಳೆ ಬಳಸಿದೆ. ಎಡ ಬಲ ಎರಡನ್ನೂ ಟೇಪಿನಲ್ಲಿ ಜೋಡಿಸಿ ಒಟ್ಟಿಗೇ ಕತ್ತರಿಸಿ, ಒಟ್ಟಿಗೇ ಉಪ್ಪುಕಾಗದ ಹಿಡಿಯಬೇಕು. ಬೇರೆ ಬೇರೆ ಕತ್ತರಿಸಿದರೆ ಅರ್ಧ ಮಿ.ಮೀ. ವ್ಯತ್ಯಾಸವಾದರೂ ಗಾಡಿ ನೆಲದ ಮೇಲೆ ಕುಂಟುತ್ತದೆ. ಮುಚ್ಚಿದ ಪೆಟ್ಟಿಗೆಯಂಥ ಭಾಗಗಳಿಗೆಲ್ಲ ತಳದಲ್ಲೊಂದು ತೂತು ಇರಲಿ. ಅಂಟಿನ ಆವಿ ಒಳಗೇ ಉಳಿದರೆ ಕೆಲವು ವಾರಗಳಲ್ಲಿ ಗೋಡೆ ಒಳಕ್ಕೆ ಬಾಗುತ್ತದೆ.

ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾಗುವುದು ರಿವೆಟ್. ಅಸಲಿ ಗಾಡಿಯ ಉಕ್ಕಿನ ದಪ್ಪ ಹೆಚ್ಚೆಂದರೆ 8 ಮಿ.ಮೀ. ಅದು 1:35ಕ್ಕೆ 0.23 ಆಗುತ್ತದೆ. ಅಂದರೆ 0.25 ಮಿ.ಮೀ. ಹಾಳೆಯನ್ನು ಹೊರಗೆ ಹೊದಿಸಿದರೆ ತಗಡಿನ ಅಂಚುಗಳು ಹೆಚ್ಚುಕಮ್ಮಿ ಸರಿಯಾದ ದಪ್ಪಕ್ಕೇ ಬರುತ್ತವೆ. ಹೊದಿಸುವ ಮೊದಲು ಹಾಳೆಯನ್ನು ಬೋರಲು ಹಾಕಿ, ಅಡಿಗೆ ರಟ್ಟು ಇಟ್ಟು, ಹಿಂಬದಿಯಿಂದ ಸ್ಕೇಲ್ ಹಿಡಿದು ದರ್ಜಿಗಳ ಹಲ್ಲುಚಕ್ರ ಉರುಳಿಸಿ. ಮುಂದಿನ ಬದಿಯಲ್ಲಿ ರಿವೆಟ್ ಸಾಲು ಎದ್ದು ನಿಲ್ಲುತ್ತದೆ. ಇದನ್ನು ಪ್ಲಾಸ್ಟಿಕ್ ಸಿಮೆಂಟಿನಲ್ಲಿ ಮಾತ್ರ ಅಂಟಿಸಬೇಡಿ. ಅದು ಹಿಂದಿನಿಂದ ಹಾಳೆಯನ್ನು ಕರಗಿಸಿ ರಿವೆಟ್ಟನ್ನೆಲ್ಲ ಕೂರಿಸಿಬಿಡುತ್ತದೆ. ಸೂಪರ್ ಗ್ಲೂವನ್ನು ತೆಳುವಾಗಿ ಸವರಿದರೆ ಸಾಕು.

ಮಾದರಿಯಲ್ಲಿ ಚೈನಿನ ಪಟ್ಟಿಗಳ ಅಗಲ 15 ಮಿ.ಮೀ. ಇಟಾಚಿಯ ಚೈನಿನಂತೆ ಎದ್ದು ಕಾಣುವ ಅಡ್ಡಗೆರೆಗಳು ಇದಕ್ಕಿಲ್ಲ.

ಫಿರಂಗಿಯ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಚಕ್ರದಲ್ಲಿ. ಗಾಡಿಯ ಎಂಜಿನ್ನಿನಿಂದಲೇ ತಿರುಗುವ ವಿಂಚ್ ಫಿರಂಗಿಯನ್ನು ಮುಂದಿನಿಂದ ಮೇಲಕ್ಕೆಳೆಯುತ್ತಿತ್ತು, ಚಕ್ರಗಳನ್ನು ಕಳಚಿ ಪಕ್ಕಗಳಿಗೆ ತೂಗುಹಾಕುತ್ತಿದ್ದರು. ಫಿರಂಗಿ ಮೇಲೇರಿದ್ದೂ ಚಕ್ರ ಅದರಲ್ಲೇ ಇದ್ದರೆ ಮಾದರಿ ಕೆಟ್ಟಿತೆಂದೇ ಲೆಕ್ಕ. 6 ಇಂಚಿನ ಹೊವಿಟ್ಜರ್ (ಗುಂಡನ್ನು ಎತ್ತರಕ್ಕೆ ಹಾರಿಸುವ ಗಿಡ್ಡ ನಳಿಗೆಯ ಫಿರಂಗಿ) ಆದರೆ ನಳಿಗೆಯ ಬಾಯಿಗೆ 4.4 ಮಿ.ಮೀ. ತೂತು, 60 ಪೌಂಡರ್ (60 ಪೌಂಡಿನ ಗುಂಡು ಹಾರಿಸುವ ಉದ್ದ ನಳಿಗೆಯ ಫಿರಂಗಿ) ಆದರೆ 3.6. ಗುಂಡು ಹಾರಿಸುತ್ತಿರುವ ದೃಶ್ಯ ಬೇಕಿದ್ದರೆ ಹೊವಿಟ್ಜರನ್ನೇ ಕೂರಿಸಿ. 60 ಪೌಂಡರನ್ನು ಕೆಳಗಿಳಿಸದೆ ಹಾರಿಸುವಂತಿರಲಿಲ್ಲ. ಫಿರಂಗಿಯೇ ಇಲ್ಲದೆ ಮದ್ದುಗುಂಡಿನ ಪೆಟ್ಟಿಗೆ ಪೇರಿಸಿದರೂ ತಪ್ಪಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯ ಈಪ್ರ್‌ ಕಾಳಗದಲ್ಲಿ ಈ ಗಾಡಿಗಳು ಹೆಚ್ಚಾಗಿ ಮಾಡಿದ್ದು ಸಾಮಾನು ಹೊರುವ ಕೆಲಸವನ್ನೇ.

ಕೊನೆಗೆ ಕೆಸರು. ನಮ್ಮ ಕೆಂಪು ಮಣ್ಣು ಬೇಡ, ಫ್ಲಾಂಡರ್ಸ್ ಜೇಡಿ ಬೂದುಗಂದು. ಒಣಗಿಸಿ ಜರಡಿ ಹಿಡಿದ ಕೆರೆಗೋಡನ್ನು ಫೆವಿಕಾಲ್, ನೀರು, ಚೂರು ಕಂದು ಬಣ್ಣದ ಜೊತೆ ಕಲಸಿ ಮೂರು ತೆಳು ಪದರಗಳಲ್ಲಿ ಹಚ್ಚಿ. ಒಂದೇ ಸಲ ಮೆತ್ತಿದರೆ ಒಣಗುವಾಗ ಬಿರುಕು ಬಿಟ್ಟು ಹಕ್ಕಳೆಯಾಗಿ ಉದುರುತ್ತದೆ.