ಬಣ್ಣದ ಸೀಳೋ, ಲೋಹದ ಬಿರುಕೋ

ಶನಿವಾರ ಸಂಜೆ ಅಕ್ಕನ ಮಗ ಪುಣೆಯ ಪಕ್ಕದ ಚಿಂಚವಾಡದ ನಮ್ಮ ಮನೆಗೆ ಸೈಕಲ್ ತಳ್ಳಿಕೊಂಡೇ ಬಂದ. ಹತ್ತಿ ಬಂದಿರಲಿಲ್ಲ. ಅಷ್ಟರ ಮಟ್ಟಿಗೆ ಅವನಿಗೂ ಅನುಮಾನ ಹುಟ್ಟಿತ್ತು ಅಂತ ಆಗಲೇ ಅಂದುಕೊಂಡೆ.

"ಮಾಮಾ, ಇದು ಬರೇ ಬಣ್ಣ ಸೀಳಿದ್ದು ಹೌದಲ್ಲೋ? ನಾಳೆ ನಸುಕಿನ್ಯಾಗ ಸಿಂಹಗಡದ ಗುಡ್ಡಕ್ಕ ಹೊಂಟೀವಿ."

"ಹಂಗ ನಿಂತು ಹೇಳಾಕ ಬರೂದಿಲ್ಲಪಾ. ಒಳಗ ತಗೊಂಡ್ ಬಾ, ನೋಡೂಣು."

ಎಂಟು ತಿಂಗಳ ಹಿಂದೆ ಯಾರಿಂದಲೋ ಕೊಂಡ ಅಲ್ಯೂಮಿನಿಯಂ ಸೈಕಲ್ ಅದು. ಹ್ಯಾಂಡಲಿನ ಕೆಳಗಿರುವ ಗಿಡ್ಡ ಕೊಳವೆ, ಅಂದರೆ ಹೆಡ್ ಟ್ಯೂಬ್, ಅದಕ್ಕೆ ಪೆಡಲಿನ ಕಡೆಯಿಂದ ಏರುವ ಕೊಳವೆ, ಅಂದರೆ ಡೌನ್ ಟ್ಯೂಬ್, ಬಂದು ಸೇರುವ ಜಾಗದಲ್ಲಿ, ಕೆಳಮೈಗೆ, ಕೂದಲೆಳೆಯಂಥ ಒಂದು ಗೆರೆ. ಏರು ಹತ್ತುವಾಗ ಕಿರ್ ಕಿರ್ ಸದ್ದು ಬರುತ್ತಿತ್ತಂತೆ. ಪೆಡಲಿಗೆ ಎಣ್ಣೆ ಬಿಟ್ಟರೂ ಸೀಟು ಬಿಗಿದರೂ ಹೋಗಿರಲಿಲ್ಲ.

ನಾನು ಭೋಸರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ವೆಲ್ಡಿಂಗ್ ತಪಾಸಣೆ ಮಾಡಿದವನು. ಸೈಕಲ್ ಹೊಡೆಯುವುದು ಅದಕ್ಕೂ ಹಳೆಯ ಅಭ್ಯಾಸ. ಆದರೂ ಬರೀ ಗೆರೆ ನೋಡಿ ಇದು ಬಣ್ಣ, ಇದು ಲೋಹ ಅಂತ ಹೇಳುವ ಧೈರ್ಯ ನನಗಿಲ್ಲ. ನಾನು ಮೊದಲು ಕೇಳಿಕೊಳ್ಳುವುದು ಗೆರೆ ಎಲ್ಲಿದೆ ಅಂತ. ಟಾಪ್ ಟ್ಯೂಬಿನ, ಅಂದರೆ ಮೇಲಿನ ಅಡ್ಡ ಕೊಳವೆಯ, ನಟ್ಟನಡುವೆ ಚಕ್ಕೆ ಎದ್ದಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಆದರೆ ಈ ಜಾಗ ಹಾಗಲ್ಲ. ಮುಂದಿನ ಗಾಲಿ ತಿನ್ನುವ ಪ್ರತಿ ಏಟೂ ಆ ಗಾಲಿಯನ್ನು ಹಿಡಿದಿರುವ ಫೋರ್ಕ್ ಎಂಬ ಸನ್ನೆಕೋಲಿನಿಂದ ನೇರ ಇಲ್ಲಿಗೇ ಬರುತ್ತದೆ. ಪೆಡಲಿನ ಅಚ್ಚು ಕೂರುವ ಕೆಳಗಿನ ಸಂದು, ಚೈನಿನ ಪಕ್ಕದ ಹಿಂದಿನ ಕೊಳವೆ, ಸೀಟಿನ ಕಂಬಿ ಇಳಿಯುವ ಬಾಯಿಯ ಸೀಳು, ಹಿಂಗಾಲಿಯ ಅಚ್ಚು ಕೂರುವ ತುದಿಗಳು, ಇವೂ ಇಂಥವೇ ಜಾಗಗಳು. ಸೀಟನ್ನು ಅದರ ಕಂಬಿಯಲ್ಲಿರುವ ಮಿತಿಯ ಗುರುತಿಗಿಂತ ಮೇಲೆ ಎತ್ತಿ ಓಡಿಸಿದವರ ಸೈಕಲ್ಲಿನಲ್ಲಿ ಬಿರುಕು ಹೆಚ್ಚಾಗಿ ಆ ಬಾಯಲ್ಲೇ ಶುರುವಾಗಿರುತ್ತದೆ.

ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲಿನ ಟಾರ್ಚನ್ನು ಕೊಳವೆಗೆ ತಾಗಿಸಿ ಅಡ್ಡ ಬೆಳಕು ಬಿಟ್ಟೆ. ನೇರ ಬೆಳಕಿನಲ್ಲಿ ಕಾಣದ ಉಬ್ಬು ತಗ್ಗು ಅಡ್ಡ ಬೆಳಕಿನಲ್ಲಿ ನೆರಳು ಚೆಲ್ಲುತ್ತವೆ. ಎಲ್ಲಾದರೂ ಎದುರಿನಿಂದ ಗುದ್ದಿದ ಸೈಕಲ್ ಆದರೆ ಹೆಡ್ ಟ್ಯೂಬಿನ ಹಿಂದೆಯೇ ಕೊಳವೆ ಸುಕ್ಕುಗಟ್ಟಿರುತ್ತದೆ. ಕಣ್ಣಿಗೆ ಬೀಳದಿದ್ದರೂ ಬೆರಳಿಗೆ ಸಿಗುತ್ತದೆ. ಇಲ್ಲಿ ಸುಕ್ಕಿರಲಿಲ್ಲ. ಉಗುರನ್ನು ಗೆರೆಗೆ ಅಡ್ಡಲಾಗಿ ಎಳೆದೆ, ಸಣ್ಣಗೆ ಸಿಕ್ಕಿತು. ಬಣ್ಣ ಸೀಳಿದ್ದರೂ ಉಗುರು ಸಿಕ್ಕುತ್ತದೆ, ಹಾಗಾಗಿ ಅದೊಂದನ್ನೇ ನಂಬುವಂತಿಲ್ಲ. ನನಗೆ ಹಿಡಿಸದೇ ಹೋದದ್ದು ಗೆರೆಯ ಅಂಚಿನ ಕಪ್ಪು ಪುಡಿ. ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿದಾಗ ಬರುವ ಮಸಿ ಅದು. ಆಮೇಲೆ ಗೆರೆಗೆ ಸೋಪಿನ ನೀರು ಸವರಿ, ಮುಂದಿನ ಗಾಲಿಯನ್ನು ಗೋಡೆಗೆ ಒತ್ತಿ ಹಿಡಿ, ಹ್ಯಾಂಡಲ್ ಜೋರಾಗಿ ತಳ್ಳು ಅಂದೆ. ಅವನು ತಳ್ಳಿ ಬಿಟ್ಟಾಗಲೆಲ್ಲ ಗೆರೆಯ ಒಂದು ತುದಿಯಲ್ಲಿ ಚಿಕ್ಕದೊಂದು ಗುಳ್ಳೆ ಏಳುತ್ತಿತ್ತು, ಗೆರೆ ಬಾಯಿ ಬಿಟ್ಟು ಮುಚ್ಚುತ್ತಿರುವ ಹಾಗೆ.

ಗಾಲಿ ಬಿಚ್ಚಿ ಫೋರ್ಕನ್ನೂ ಹೊರತೆಗೆದೆವು. ಇಲ್ಲಿನ ಅಂಗಡಿಗಳಲ್ಲಿ ಚಿಮ್ಟಾ ಅನ್ನುತ್ತಾರೆ. ಫ್ರೇಮ್ ನೋಡುವವರು ಇದನ್ನು ಬಿಚ್ಚಿ ನೋಡದಿದ್ದರೆ ಅರ್ಧ ಕೆಲಸವೂ ಆಗಿಲ್ಲ ಅಂತ ನನ್ನ ಅಭಿಪ್ರಾಯ. ಅದರ ಮೇಲಿನ ಕೊಳವೆ ಹೆಡ್ ಟ್ಯೂಬಿನೊಳಗೆ ಮುಚ್ಚಿಹೋಗಿರುತ್ತದೆ, ಬಿರುಕು ಬಿಟ್ಟರೆ ಹೊರಗಿನಿಂದ ಗೊತ್ತೇ ಆಗದು. ಅದು ಮುರಿದರೆ ಹಿಡಿದುಕೊಳ್ಳಲು ಮತ್ತೊಂದಿಲ್ಲ, ಮುಖ ನೇರ ರಸ್ತೆಗೆ. ಬಾಗಿದ ಫೋರ್ಕನ್ನು ನೆಟ್ಟಗೆ ಮಾಡಿಸಿ ಹಾಕಿಕೊಳ್ಳುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಇವನ ಫೋರ್ಕ್ ಚೆನ್ನಾಗಿತ್ತು.

ದಾರದ ಅಳತೆಯನ್ನೂ ತೋರಿಸಿದೆ. ಹಿಂಗಾಲಿಯ ಅಚ್ಚು ಕೂರುವ ಒಂದು ತುದಿಗೆ ದಾರ ಕಟ್ಟಿ, ಹೆಡ್ ಟ್ಯೂಬನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯುವುದು. ದಾರಕ್ಕೂ ಸೀಟಿನ ಕೊಳವೆಗೂ ನಡುವಿನ ಅಂತರ ಎಡಬಲ ಎರಡೂ ಕಡೆ ಒಂದೇ ಬರಬೇಕು. 2 ಮಿಲಿಮೀಟರಿನಷ್ಟು ಹೆಚ್ಚುಕಡಿಮೆ ಇದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಇವನದು 1 ಮಿಲಿಮೀಟರ್ ಬಂತು. ಹುಡುಗನ ಮುಖ ಅರಳಿತು. ಆದರೆ ಈ ಅಳತೆ ಹೇಳುವುದು ಫ್ರೇಮ್ ಬಾಗಿದೆಯೇ ಇಲ್ಲವೇ ಅನ್ನುವುದನ್ನಷ್ಟೇ. ನೆಟ್ಟಗಿರುವ ಫ್ರೇಮೂ ಬಿರುಕು ಬಿಟ್ಟಿರಬಹುದು.

ಇಷ್ಟಾದ ಮೇಲೂ ಉಳಿದ ಅನುಮಾನ ತೀರಿಸಲು ಕಾರ್ಖಾನೆಗಳಲ್ಲಿ ಡಿಪಿ, ಅಂದರೆ ಡೈ ಪೆನೆಟ್ರಂಟ್ ಟೆಸ್ಟ್ ಅನ್ನುವುದೊಂದಿದೆ, ಬಣ್ಣದ ದ್ರವದಿಂದ ಬಿರುಕು ಹುಡುಕುವುದು. ಮೂರು ಸ್ಪ್ರೇ ಡಬ್ಬಿಗಳ ಕೆಲಸ. ಭೋಸರಿಯ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ, ನನ್ನ ಮನೆಯಲ್ಲೂ ಒಂದು ಜೊತೆ ಇರುತ್ತದೆ. ಮೊದಲು ಬಣ್ಣ ತೆಗೆಯಬೇಕು. ಎಷ್ಟೋ ಮಂದಿ ಕೆಲಸ ಕೆಡಿಸುವುದು ಇಲ್ಲೇ. ಮರಳು ಕಾಗದದಲ್ಲಿ ಉಜ್ಜಿದರೆ, ತಂತಿ ಬ್ರಶ್ ಹಾಕಿದರೆ, ಮೆತ್ತಗಿನ ಅಲ್ಯೂಮಿನಿಯಂ ಎಳೆದು ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಕಾಸ್ಟಿಕ್ ಸೋಡಾ ಮುಟ್ಟಿಸಲೇಬಾರದು, ಅದು ಲೋಹವನ್ನೇ ತಿನ್ನುತ್ತದೆ. ಪೇಂಟ್ ರಿಮೂವರ್ ಸವರಿ, ಕಾದು, ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಕೆರೆದೆವು. ಕ್ಲೀನರ್‌ನಿಂದ ಜಿಡ್ಡು ತೆಗೆದು, ಒಣಗಿಸಿ, ಕೆಂಪು ದ್ರವ ಹೊಡೆದು 15 ನಿಮಿಷ ಬಿಟ್ಟೆವು. ಅದು ತೆಳ್ಳಗಿನ ಬಿರುಕಿನೊಳಕ್ಕೂ ತಾನಾಗಿ ಇಳಿಯುತ್ತದೆ. ಆಮೇಲೆ ಮೇಲಿನ ಕೆಂಪನ್ನು ಒರೆಸಬೇಕು. ಕ್ಲೀನರ್ ಅನ್ನು ಬಟ್ಟೆಗೆ ಹೊಡೆದುಕೊಂಡೇ ಒರೆಸಬೇಕು, ಕೊಳವೆಗೇ ನೇರ ಹೊಡೆದರೆ ಬಿರುಕಿನೊಳಗಿನದೂ ತೊಳೆದುಹೋಗುತ್ತದೆ. ಕೊನೆಗೆ, ಒಳಗಿನ ಕೆಂಪನ್ನು ಹೊರಗೆ ಎಳೆಯುವ ಬಿಳಿ ಡೆವಲಪರಿನ ತೆಳು ಪದರ. ಬಾಲ್ಕನಿಯ ಬಾಗಿಲು ತೆರೆದಿಟ್ಟು, ದೇವರ ದೀಪ ಕೂಡ ಆರಿಸಿದ ಮೇಲೆಯೇ ಇದನ್ನೆಲ್ಲ ಮಾಡಿದ್ದು. ಬೇಗ ಬೆಂಕಿ ಹತ್ತುವ ಸಾಮಾನು ಇದು.

ಬಿಳಿ ಒಣಗುತ್ತಿದ್ದ ಹಾಗೆಯೇ ಕೆಂಪು ಗೆರೆ ಮೂಡಿತು. ವೆಲ್ಡಿನ ಅಂಚು ಹಿಡಿದು ಹೊರಟು, ಬಣ್ಣದ ಮೇಲೆ ನಾವು ಕಂಡ ಗೆರೆಯನ್ನು ದಾಟಿ, ಕೊಳವೆಯ ಮಗ್ಗುಲಿಗೆ ಹತ್ತಿತ್ತು. ಸ್ಕೇಲ್ ಇಟ್ಟೆ, 22 ಮಿಲಿಮೀಟರ್. ಬಣ್ಣದಲ್ಲಿ ಕಂಡದ್ದು ಅದರ ಅರ್ಧ.

"ಆರ್ಗಾನ್ ವೆಲ್ಡಿಂಗ್ ಮಾಡ್ಸಿದ್ರ ಆಗೂದಿಲ್ಲೇನು ಮಾಮಾ? ಚಿಂಚವಾಡದಾಗ ಮಾಡ್ತಾರಂತ."

ಮಾಡುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕು ಲೋಹದ್ದು. ಫ್ರೇಮಿಗೆ ಸಾಮಾನ್ಯವಾಗಿ ಬಳಸುವ 6061 ಎಂಬ ಜಾತಿಯ ಅಲ್ಯೂಮಿನಿಯಂ ತನ್ನ ಬಲ ಪಡೆಯುವುದು ಟಿ6 ಎಂಬ ಶಾಖದ ಸಂಸ್ಕಾರದಿಂದ. ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿನಲ್ಲಿ ತಣಿಸಿ, ಮತ್ತೆ 170ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ವೆಲ್ಡ್ ಮಾಡಿದ ಜಾಗದ ಸುತ್ತ ಆ ಬಲ ಅರ್ಧಕ್ಕೂ ಕೆಳಗೆ ಇಳಿಯಬಹುದು. ಇಡೀ ಫ್ರೇಮನ್ನು ಮತ್ತೆ ಆ ಸಂಸ್ಕಾರಕ್ಕೆ ಹಾಕದೆ ಬರೀ ಬಿರುಕು ಮುಚ್ಚಿದರೆ, ಹೊಸ ವೆಲ್ಡ್ ಗಟ್ಟಿ ಕಾಣುತ್ತದೆ, ಪಕ್ಕದ ಲೋಹ ಸೋತಿರುತ್ತದೆ. ಇವನದು 6061 ಹೌದೋ ಅಲ್ಲವೋ ಎಂಬ ಗುರುತೂ ಫ್ರೇಮಿನ ಮೇಲೆ ಉಳಿದಿರಲಿಲ್ಲ. ಬಿರುಕಿನ ತುದಿಗೆ ತೂತು ಕೊರೆದು ನಿಲ್ಲಿಸುವ ಉಪಾಯವನ್ನೂ ಅವನು ಎಲ್ಲೋ ಕೇಳಿದ್ದ. ದಪ್ಪ ತಗಡಿಗೆ ಅದು ತಾತ್ಕಾಲಿಕ ಪರಿಹಾರ ಆದೀತು, ಘಾಟ್ ಇಳಿಯುವ ಸೈಕಲ್ಲಿನ ಕುತ್ತಿಗೆಗಲ್ಲ.

ಸ್ಟೀಲ್ ಆಗಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ನನ್ನ ಹಳೆಯ ಸ್ಟೀಲ್ ಸೈಕಲ್ಲಿನ ಹಿಂದಿನ ಕೊಳವೆ ಒಮ್ಮೆ ತಳೇಗಾಂವದಿಂದ ಬರುವಾಗ ಬಿರುಕು ಬಿಟ್ಟಿತ್ತು. ಗಾಲಿ ಬ್ರೇಕಿಗೆ ಉಜ್ಜತೊಡಗಿತು, ಗೇರ್ ತಾನಾಗೇ ಹಾರಿತು, ಇಳಿದು ನೋಡಿದೆ. ತುಕ್ಕಿನ ಕಂದು ಗೆರೆ ಅದಕ್ಕೂ ವಾರಗಳ ಮೊದಲೇ ಕಂಡಿತ್ತು, ನಾನೇ ಲಕ್ಷ್ಯ ಕೊಟ್ಟಿರಲಿಲ್ಲ. ಅದನ್ನು ಬೆಸುಗೆ ಹಾಕಿಸಿ ಇವತ್ತಿಗೂ ಓಡಿಸುತ್ತಿದ್ದೇನೆ. ಸ್ಟೀಲಿಗೆ ಒಂದು ಮಿತಿಯೊಳಗಿನ ಏಟುಗಳನ್ನು ದಣಿಯದೆ ತಾಳುವ ಗುಣವಿದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಆದರೆ ಬಿರುಕು ಒಮ್ಮೆ ಶುರುವಾದರೆ ಸ್ಟೀಲಿನಲ್ಲೂ ಅದು ಬೆಳೆಯುತ್ತದೆ. ಇನ್ನು ಕಾರ್ಬನ್ ಫ್ರೇಮ್ ತಂದವರಿಗೆ ನಾನು ತೀರ್ಪು ಕೊಡುವುದಿಲ್ಲ. ಪದರಗಳು ಒಳಗೊಳಗೇ ಬಿಟ್ಟುಕೊಂಡಿದ್ದರೂ ಹೊರಮೈ ನುಣುಪಾಗಿರಬಹುದು. ಅಲ್ಟ್ರಾಸೌಂಡ್ ಹಾಕಿ ನೋಡುವವರ ಹತ್ತಿರ ಕಳಿಸುತ್ತೇನೆ.

ರಾತ್ರಿ ಊಟಕ್ಕೆ ಅವನು ಸರಿಯಾಗಿ ಕೂರಲಿಲ್ಲ. ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು, ಸಂಕಟ ಆಗುವುದೇ. ಇದೊಂದು ಸಲ ಹೋಗಿ ಬಂದು ಬಿಟ್ಟುಬಿಡುತ್ತೇನೆ ಅಂತಲೂ ಅಂದ. ನಾನು ಒಪ್ಪಲಿಲ್ಲ. ಬೆಳಿಗ್ಗೆ ಅವನ ಗೆಳೆಯರು ಸಿಂಹಗಡದ ದಾರಿ ಹಿಡಿದಿರುವ ಹೊತ್ತಿಗೆ ನಾವಿಬ್ಬರೂ ಬಾಲ್ಕನಿಯಲ್ಲಿ ಕೂತು ಗಾಲಿ, ಗೇರು, ಬ್ರೇಕು, ಸೀಟು ಎಲ್ಲ ಬಿಚ್ಚಿ ಬೇರೆ ಇಟ್ಟೆವು. ಬರೀ ಫ್ರೇಮನ್ನು ಗರಗಸದಿಂದ ಕೊಯ್ಯೋಣ ಅಂದೆ. ಹಾಗೇ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟರೆ ಯಾರಾದರೂ ಬಣ್ಣ ಹೊಡೆದು ಮತ್ತೆ ಮಾರಿಯಾರು, ಇವನಿಗೆ ಸಿಕ್ಕದ್ದೂ ಹಾಗೆಯೇ ಇರಬಹುದು.

ಡೌನ್ ಟ್ಯೂಬನ್ನು ಬಿರುಕಿನಿಂದ ಒಂದು ಗೇಣು ಕೆಳಗೆ, ಟಾಪ್ ಟ್ಯೂಬನ್ನು ಹೆಡ್ ಟ್ಯೂಬಿನ ಹತ್ತಿರ ಅವನೇ ಕೊಯ್ದ. ಹೆಡ್ ಟ್ಯೂಬನ್ನು ವೈಸ್‌ನಲ್ಲಿ ಬಿಗಿದು, ಉಳಿದ ತುಂಡಿಗೆ ಉದ್ದನೆಯ ಪೈಪ್ ತೂರಿಸಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದೆವು. ಬಿರುಕಿನ ಗುಂಟ ಕಿತ್ತುಬಂತು. ಮುರಿದ ಮುಖವನ್ನು ಬಿಸಿಲಿಗೆ ಹಿಡಿದೆ. ಈಗಷ್ಟೇ ಹರಿದ ಭಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಿರುಕಿದ್ದ ಭಾಗಕ್ಕೆ ಡಿಪಿಯ ಕೆಂಪು ಹತ್ತಿತ್ತು, ಕೆಂಪಿನ ಅಡಿಯಲ್ಲಿ ಮಸಿಯ ಹಾಗೆ ಕಪ್ಪು.

ಅವನು ಆ ಕಪ್ಪಿನ ಮೇಲೆ ಹೆಬ್ಬೆರಳು ಆಡಿಸಿದ.

"ಹೋದ ತಿಂಗಳು ಕಾತ್ರಜ್ ಘಾಟ್ ಇಳಿದಾಗೂ ಇದು ಇತ್ತೇನು ಮಾಮಾ?"

"ಇತ್ತಪಾ. ಇಷ್ಟು ಕಪ್ಪಾಗಾಕ ದಿನ ಬೇಕು."

ತುಂಡುಗಳನ್ನು ಚೀಲಕ್ಕೆ ತುಂಬಿ ಭಂಗಾರದ ಅಂಗಡಿಗೆ ಅವನೇ ಹೊತ್ತುಕೊಂಡು ಹೋದ. ಕುತ್ತಿಗೆಯ ಆ ಒಂದು ತುಂಡನ್ನು ಮಾತ್ರ ಕೊಡದೆ ತನ್ನ ರೂಮಿಗೆ ಒಯ್ದ.