ಓದಿ ಮುಗಿಸಿದ ಪುಸ್ತಕ ತರಬೇಡಿ

ಕಳೆದ ತಿಂಗಳ ಎರಡನೇ ಭಾನುವಾರ ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ 38 ಜನ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಪುಸ್ತಕ, ಒಳಗೆ ಒಂದು ಗುರುತು. ಬಸ್ ಟಿಕೆಟ್, ಔಷಧಿ ಚೀಟಿ, ಲಗ್ನಪತ್ರಿಕೆಯ ತುಂಡು. ನಾನು ತಿಂಗಳಿಗೊಮ್ಮೆ ನಡೆಸುವ ಈ ಓದುಗರ ಕೂಟಕ್ಕೆ ಐದೇ ಜನ ಬಂದ ದಿನಗಳೂ ಇದ್ದವು. "ಧಾರವಾಡದಲ್ಲಿ ಸಾಹಿತ್ಯದ ಸಭೆಗೇನು ಬರವೇ? ಇನ್ನೊಂದು ಯಾಕೆ?" ಅಂದವರು ಬಹಳ. ಅವರಲ್ಲಿ ಕೆಲವರು ಈಗ ತಪ್ಪದೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಓದುಗರ ಕೂಟ ನಡೆಸಿದವರಿಗೆ ಜಾಗ, ಜಮಖಾನೆ, ಚಹಾ ಇದೆಲ್ಲ ಹೇಳಬೇಕಿಲ್ಲ. ನಾನು ಎಲ್ಲಿ ಸೋತೆ ಅನ್ನೋದನ್ನೇ ಹೇಳುತ್ತೇನೆ.

ಮೊದಲು ಮಾಡಿದ್ದು ಉಪನ್ಯಾಸ. ತಿಂಗಳಿಗೊಬ್ಬ ಅತಿಥಿ, ಒಂದು ಪುಸ್ತಕದ ಪರಿಚಯ. ಬಾಡಿಗೆ, ಶಾಲು, ಹಾರ, ಅತಿಥಿಯ ಪ್ರಯಾಣ ಸೇರಿ ಒಂದು ಸಲಕ್ಕೆ 4,000 ರೂಪಾಯಿ ಹತ್ತಿರ ಆಗುತ್ತಿತ್ತು. ಏಳು ತಿಂಗಳು ನಡೆಸಿದೆ. ಜನ ಬಂದರು, ಕೇಳಿದರು, ಚಪ್ಪಾಳೆ ತಟ್ಟಿ ಹೋದರು. ಅವರು ಮನೆಯಲ್ಲಿ ಏನು ಓದುತ್ತಾರೆ ಅನ್ನೋದು ಮಾತ್ರ ನನಗೆ ಒಮ್ಮೆಯೂ ತಿಳಿಯಲಿಲ್ಲ.

ಆಮೇಲೆ ಎಲ್ಲರೂ ಒಂದೇ ಪುಸ್ತಕ ಓದೋಣ ಅಂದೆ. 20 ಪ್ರತಿ ನಾನೇ ಕೊಂಡೆ. ರಿಯಾಯಿತಿ ಕಳೆದೂ ಐದು ಸಾವಿರ ದಾಟಿತು. ನಾಲ್ಕು ಜನ ಪೂರ್ತಿ ಓದಿದರು. ಉಳಿದವರು ಓದಲಾಗಲಿಲ್ಲ ಅನ್ನುವ ಸಂಕೋಚಕ್ಕೆ ಬರುವುದನ್ನೇ ನಿಲ್ಲಿಸಿದರು. ಹನ್ನೊಂದು ಪ್ರತಿ ವಾಪಸ್ ಬರಲಿಲ್ಲ. ದುಡ್ಡು ಹೋದದ್ದನ್ನು ಮರೆತೆ. ಓದುವ ಮನಸ್ಸಿದ್ದವರನ್ನು ನಾನೇ ದೂರ ಮಾಡಿದೆ ಅನ್ನೋದು ಬಹಳ ದಿನ ಕಾಡಿತು. ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆ. ಬರೀ ಮುಖಪುಟದ ಫೋಟೋಗಳು. ಎರಡೇ ತಿಂಗಳಿಗೆ ಮುಚ್ಚಿದೆ.

ದಾರಿ ಸಿಕ್ಕಿದ್ದು ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಓದುತ್ತಿದ್ದಳು. "ಚೆನ್ನಾಗಿದೆಯಾ?" ಅಂದೆ. "ಹೂಂ, ಚೆನ್ನಾಗಿದೆ" ಅಂದಳು. ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು "ಈಗ ಎಲ್ಲಿಗೆ ಬಂದಿದ್ದೀರಿ?" ಅಂತ ಕೇಳಿದೆ. ಅಷ್ಟೇ! ಮಂದಣ್ಣನನ್ನು ಪೊಲೀಸರು ಹಿಡಿದಿದ್ದಾರೆ, ಬಿಡುತ್ತಾರೋ ಇಲ್ಲವೋ, ವಿಜ್ಞಾನಿ ಕರ್ವಾಲೊ ಏನಾದರೂ ಮಾಡಬೇಕಲ್ವಾ ಅಂತ ನವನಗರದಿಂದ ಜುಬಿಲಿ ಸರ್ಕಲ್‌ವರೆಗೆ ಮಾತಾಡಿದಳು. ಮುಂದಿನದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಪುಸ್ತಕ ಮುಗಿಸಿದವರು ತೀರ್ಪು ಹೇಳುತ್ತಾರೆ, ಓದುತ್ತಿರುವವರು ತಮ್ಮ ಚಿಂತೆ ಹೇಳುತ್ತಾರೆ ಅಂತ ಅವತ್ತು ಹೊಳೆಯಿತು.

ಮುಂದಿನ ತಿಂಗಳೇ ನಿಯಮ ಬದಲಿಸಿದೆ. ಓದಿ ಮುಗಿಸಿದ ಪುಸ್ತಕ ತರಬೇಡಿ. ಅರ್ಧದಲ್ಲಿರುವುದನ್ನೇ ತನ್ನಿ. ಮೊದಲು ಪುಟದ ಸಂಖ್ಯೆ ಹೇಳಿ. ಆಮೇಲೆ ನೀವು ನಿಂತ ಜಾಗದ ಒಂದು ಪ್ಯಾರಾ ಓದಿ. ಒಟ್ಟು ಮೂರು ನಿಮಿಷ. ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, "ಪೂರ್ತಿ ಓದದೆ ಮಾತಾಡೋದು ಪುಸ್ತಕಕ್ಕೆ ಮಾಡುವ ಅವಮಾನ" ಅಂದು ಹೊರಟೇ ಹೋದರು. ಅವರ ಹಿಂದೆ ಇನ್ನೂ ಮೂವರು. ಅವತ್ತು ಉಳಿದದ್ದು ಒಂಬತ್ತೋ ಹತ್ತೋ ಜನ. ಆದರೆ ಅಷ್ಟೂ ಜನ ಮಾತಾಡಿದರು. ನನ್ನ ಕೂಟದಲ್ಲಿ ಹಾಗಾದದ್ದು ಅದೇ ಮೊದಲು.

ಪುಟದ ಸಂಖ್ಯೆಗಳನ್ನು ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಸುಮ್ನೆ ಶುರು ಮಾಡಿದ್ದು, ಈಗ ಅದೇ ನನ್ನ ಆಸ್ತಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಂದವರು ಒಂಬತ್ತು ಜನ. ಹೆಚ್ಚುಕಮ್ಮಿ ಎಲ್ಲರೂ 80ರಿಂದ 120ನೇ ಪುಟದ ನಡುವೆ ನಿಂತಿದ್ದರು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಗುತ್ತಿ, ಅವನ ನಾಯಿ 'ಹುಲಿಯ' ಇಬ್ಬರೂ ನೆನಪಿರುತ್ತಾರೆ, ಯಾರು ಯಾವ ಮನೆಯವರು ಅನ್ನೋದು ಕಲಸಿಹೋಗುತ್ತದೆ. ನಾನು ಎರಡು ರಾತ್ರಿ ಕೂತು ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ ಅಂತ ಮನೆವಾರು ಹೆಸರು ಬರೆದು ಒಂದು ಹಾಳೆ ಮಾಡಿದೆ. ಜೆರಾಕ್ಸಿಗೆ ಎರಡು ರೂಪಾಯಿ. ಅದನ್ನು ಪುಸ್ತಕದೊಳಗೆ ಇಟ್ಟುಕೊಂಡು ಆರು ಜನ ಆ ಘಟ್ಟ ದಾಟಿದರು, ನಾಲ್ವರು ಮುಗಿಸಿದರು. ಐದು ಸಾವಿರ ರೂಪಾಯಿಗೆ ಆಗದ ಕೆಲಸ ಎರಡು ರೂಪಾಯಿಯ ಹಾಳೆಯಿಂದ ಆಯಿತು ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ.

ಕವಿತೆ ಓದುವವರಿಗೆ ಈ ನಿಯಮ ಹೊಂದಲಿಲ್ಲ. ಕವನಕ್ಕೆ ಅರ್ಧ ಅಂತ ಎಲ್ಲಿದೆ? ಅವರಿಗೆ ಮಾತ್ರ, ಇನ್ನೂ ಬಿಡಿಸಲಾಗದ ಕವಿತೆ ತನ್ನಿ ಅಂದೆ. ಸಾಧನಕೇರಿ ಕಡೆಯ ಒಬ್ಬ ತಾಯಿ ಐದು ತಿಂಗಳಿಂದ ಬೇಂದ್ರೆಯವರ 'ನಾಕುತಂತಿ'ಯಲ್ಲೇ ಇದ್ದಾರೆ. ಪ್ರತಿ ಸಲ ಅದನ್ನೇ ಓದುತ್ತಾರೆ, ಪ್ರತಿ ಸಲ ಹೊಸದೇನೋ ಹೇಳುತ್ತಾರೆ. ಅವರ ಸರದಿ ಬಂದಾಗ ನಾನು ಗಡಿಯಾರ ನೋಡುವುದಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥಾಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇನ್ನೊಂದು ಪ್ರಯೋಗ ಮಾಡಿದೆವು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಓದುತ್ತಿದ್ದ ಹುಡುಗನನ್ನೂ ಕನ್ನಡದಲ್ಲಿ ಓದುತ್ತಿದ್ದ ಅವನ ಅಮ್ಮನನ್ನೂ ಪಕ್ಕಪಕ್ಕ ಕೂರಿಸಿ ಒಂದೇ ಕತೆಯ ಒಂದೇ ಪ್ಯಾರಾ ಓದಿಸಿದೆ. ಇಬ್ಬರೂ ಒಂದೇ ಮನೆಯವರು, ಒಬ್ಬರು ಓದುವುದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಅವತ್ತು ಮೂರು ನಿಮಿಷ ಅರ್ಧ ಗಂಟೆಯಾಯಿತು. ಇದನ್ನು ಮತ್ತೆ ಮಾಡಬೇಕು, ಜೋಡಿ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ತಮ್ಮದೇ ಪುಸ್ತಕ ತರುವ ಲೇಖಕರಿಗೆ ನಮ್ಮಲ್ಲಿ ಸರದಿ ಇಲ್ಲ. ಒಂದು ಸಲ ಅವಕಾಶ ಕೊಟ್ಟೆ. ಮುಂದಿನ ತಿಂಗಳು ಹಾಜರಿ ಅರ್ಧಕ್ಕೆ ಇಳಿಯಿತು.

ಈಗಿನ ಖರ್ಚು ತಿಂಗಳಿಗೆ ಸಾವಿರದ ಆಸುಪಾಸು. ಚಹಾ, ಗಿರ್ಮಿಟ್, ಮಿರ್ಚಿ. ಬಾಗಿಲ ಹತ್ತಿರ ಒಂದು ಡಬ್ಬಿ ಇದೆ, ಇಷ್ಟ ಇದ್ದವರು 20 ರೂಪಾಯಿ ಹಾಕುತ್ತಾರೆ. ಏಳುನೂರರವರೆಗೆ ಬರುತ್ತದೆ, ಉಳಿದದ್ದು ನನ್ನದು. ಮೊದಲು ಯಾರು ಮಾತಾಡಬೇಕು ಅನ್ನೋದನ್ನು ನಾನೇ ಆರಿಸುತ್ತೇನೆ. ಇಡೀ ಸಂಜೆ ನಿಂತಿರುವುದು ಅದರ ಮೇಲೆ. ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದೆರಡು ಸಲ ಬಂದು ಕೂತರೆ ನಿಮಗೇ ತಿಳಿಯುತ್ತದೆ.

ಎದ್ದು ಹೋದ ಮೇಷ್ಟ್ರು ಎಂಟು ತಿಂಗಳ ನಂತರ ಬಂದರು. ಕೈಯಲ್ಲಿ ರಟ್ಟು ಬಿಟ್ಟ ಹಳೆಯ 'ಮದುಮಗಳು'. "ಮೂವತ್ತು ವರ್ಷ ಇದರ ಬಗ್ಗೆ ಪಾಠದಲ್ಲಿ ಹೇಳಿದ್ದೇನೆ. ನೂರಾಹತ್ತನೇ ಪುಟದಿಂದ ಮುಂದೆ ಓದಿಲ್ಲ" ಅಂದರು. ಯಾರೂ ಏನೂ ಅನ್ನಲಿಲ್ಲ. ನಾನು ಆ ಹಾಳೆ ಕೊಟ್ಟೆ. ಹೋದ ವಾರ ರಾತ್ರಿ ಒಂಬತ್ತೂವರೆಗೆ ಅವರ ಫೋನ್ ಬಂತು. ಹಲೋ ಅನ್ನಲಿಲ್ಲ. "ಮುನ್ನೂರ ತೊಂಬತ್ತು" ಅಂದು ಇಟ್ಟರು.